ಮೀನು ಬಾಯಿ ತೆರೆದದ್ದು ಹಸಿವಿಗಲ್ಲ

ಮೀನಿನ ಟ್ಯಾಂಕ್ ಸರ್ವಿಸ್ ಮಾಡುವವರಿಗೆ ಊರಿಗೆಲ್ಲ ರಜೆ ಬಂತೆಂದರೆ ಕೆಲಸ ಜಾಸ್ತಿ. ಒಂದು ವಾರ ಮೊದಲೇ ಫೋನ್ ಶುರು: ‘ಒಂಬತ್ತು ದಿನ ಯಾರೂ ಇರಲ್ಲ, ಮೀನಿಗೆ ಊಟ?’ ನಮ್ಮ ವಿಸಿಟ್ ಶೀಟಿನಲ್ಲಿ ‘ಫೀಡರ್ ಕೂರಿಸಿದೆ: ಹೌದು/ಇಲ್ಲ’ ಅಂತ ಒಂದು ಕಾಲಂ ಇದೆ. ಫೀಡರ್ ಅಂದರೆ ಊಟ ತುಂಬಿದ ಡ್ರಮ್ ಹೊತ್ತಿಗೆ ಸರಿಯಾಗಿ ತಾನೇ ತಿರುಗಿ ಸ್ವಲ್ಪ ಸ್ವಲ್ಪ ಉದುರಿಸುವ ಯಂತ್ರ. ‘ಇಲ್ಲ’ ಬರೆದರೆ ಸೂಪರ್‌ವೈಸರ್ ಕಾರಣ ಕೇಳುತ್ತಾರೆ, ‘ಹೌದು’ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಎಲ್ಲ ಕಡೆಯೂ ಹೌದು.

ಹಾಗೆ ಫೋನ್ ಮಾಡಿದ ಒಂದು ಆಫೀಸಿನದು ಮೂರಡಿ ಟ್ಯಾಂಕು, ಸುಮಾರು 180 ಲೀಟರ್. ಐದು ಏಂಜಲ್, ಹನ್ನೆರಡು ರಮ್ಮಿನೋಸ್, ಆರು ಕೋರಿ, ಎಲ್ಲವೂ ಬಲಿತವು. ಮೈ ಬಿಸಿ ಕಾಯ್ದುಕೊಳ್ಳುವ ಖರ್ಚು ಮೀನಿಗಿಲ್ಲ. ಆರೋಗ್ಯವಾಗಿರುವ ದೊಡ್ಡ ಮೀನು ವಾರ, ಹತ್ತು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಮರಿಗಳ ಲೆಕ್ಕ ಬೇರೆ, ಅವಕ್ಕೆ ದಿನಕ್ಕೆ ಎರಡು ಮೂರು ಸಲ ಬೇಕೇ ಬೇಕು. ಇಷ್ಟೆಲ್ಲ ಗೊತ್ತಿದ್ದೂ ಫೀಡರ್ ಕೂರಿಸಿದೆ. ಡ್ರಮ್ಮಿಗೆ ಫ್ಲೇಕ್ಸ್ (ತೆಳು ಚೂರಿನಂಥ ಮೀನಿನ ಊಟ) ತುಂಬಿ, ನೀರಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನಿನ ನೆತ್ತಿಯ ಮೇಲೆಯೇ ಇಟ್ಟೆ. ಮುಚ್ಚಳದಲ್ಲಿ ಕಿಂಡಿ ಇದ್ದದ್ದು ಅಲ್ಲೇ.

ಗುಳ್ಳೆ ಒಡೆದಾಗ ಹಾರುವ ಹನಿ, ಮುಚ್ಚಳದ ಕೆಳಗಿನ ಆವಿ ಎರಡೂ ಸೇರಿ ಫ್ಲೇಕ್ಸ್ ಮುದ್ದೆಯಾಯಿತು. ಮೂರು ದಿನ ಡ್ರಮ್ ತಿರುಗಿದರೂ ಏನೂ ಬೀಳಲಿಲ್ಲ. ನಾಲ್ಕನೆಯ ದಿನ ಮುದ್ದೆ ಕಳಚಿಕೊಂಡು ಒಟ್ಟಿಗೇ ಬಿತ್ತು.

ಐದನೆಯ ದಿನ ಬೆಳಿಗ್ಗೆ ಸೆಕ್ಯೂರಿಟಿಯವರ ಫೋನ್. ‘ಸಾರ್, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದಾವೆ.’ ಫೀಡರ್ ಕೆಲಸ ಮಾಡುತ್ತಿಲ್ಲ ಎಂದುಕೊಂಡೆ. ‘ಹಸಿವಾಗಿರುತ್ತೆ ಅಣ್ಣಾ, ಡಬ್ಬಿಯಿಂದ ಒಂದು ಚಿಟಿಕೆ ಹಾಕಿಬಿಡಿ’ ಅಂದೆ. ಇವತ್ತಿಗೂ ಚುಚ್ಚುವುದು ಆ ಮಾತೇ. ಹಸಿದ ಮೀನು ಗಾಜಿನ ಹತ್ತಿರ ಬರುತ್ತದೆ, ನೀವು ಸರಿದ ಕಡೆಗೆ ಸರಿಯುತ್ತದೆ. ಉಸಿರು ಕಟ್ಟಿದ ಮೀನು ನೀರಿನ ಮೇಲ್ಮೈಗೆ ಮೂತಿ ಹಚ್ಚಿ ನಿಂತಲ್ಲೇ ನಿಂತು ಕಿವಿರು ಬಡಿಯುತ್ತದೆ, ನಿಮ್ಮ ಕಡೆ ನೋಡುವುದೂ ಇಲ್ಲ. ಒಂದು ವಿಡಿಯೋ ಕಳಿಸಿ ಎಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸಂಜೆ ಮತ್ತೆ ಫೋನ್: ‘ನೀರು ಹಾಲಿನ ಥರ ಆಗಿದೆ ಸಾರ್.’

ಹೋಗಿ ಮೊದಲು ಅಮೋನಿಯಾ ನೋಡಿದೆ, ಊಟ ಕೊಳೆತಾಗ ಹುಟ್ಟಿ ಮೀನಿನ ಉಸಿರು ಕಟ್ಟಿಸುವ ವಿಷ ಅದು. 5 ಮಿಲಿ ನೀರಿಗೆ ಟೆಸ್ಟ್ ಕಿಟ್ಟಿನ ಎರಡೂ ಬಾಟಲಿಯಿಂದ ಎಂಟೆಂಟು ಹನಿ, ಕುಲುಕಿ ಐದು ನಿಮಿಷ ಕಾಯಬೇಕು. ಹಳದಿ ಇದ್ದರೆ ಸೊನ್ನೆ. ಎರಡನೆಯ ನಿಮಿಷಕ್ಕೇ ಹಸಿರು ತಿರುಗಿತು, ಐದಕ್ಕೆ ಕಡುಹಸಿರು: 4 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನಾಲ್ಕು). ಆ ಐದು ನಿಮಿಷವೂ ಒಂದು ಏಂಜಲ್ ಫಿಲ್ಟರ್ ಪೈಪಿಗೆ ಒರಗಿ ಓರೆಯಾಗಿ ನಿಂತಿತ್ತು. ಮರದ ತುಂಡಿನ ಹಿಂದೆ ಫ್ಲೇಕ್ಸ್ ಮುದ್ದೆ, ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಮೊದಲು ಅದನ್ನು ಸೈಫನ್‌ನಲ್ಲಿ ಎಳೆದೆ. ಆಮೇಲೆ ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರು ಅರ್ಧ ಟ್ಯಾಂಕಿನಷ್ಟು ಬದಲು, ಇನ್ನೊಂದು ಏರ್ ಪಂಪು, ಊಟ ಬಂದ್. ಫಿಲ್ಟರ್ ಮೀಡಿಯಾ (ಫಿಲ್ಟರಿನೊಳಗೆ ತುಂಬಿದ ಸ್ಪಾಂಜಿನಂಥದ್ದು) ಮುಟ್ಟಲಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಮರುದಿನ ಮತ್ತೆ ಶೇ. 30. ಎರಡು ಏಂಜಲ್ ಹೋದವು.

ಆಫೀಸಿನವರ ಮೊದಲ ಪ್ರಶ್ನೆ: ‘ಊಟ ಸಾಲಲಿಲ್ಲವಾ?’

ಈಗ ಹತ್ತು ದಿನದೊಳಗಿನ ರಜೆಗೆ ಬಲಿತ ಮೀನಿಗೆ ಏನೂ ಇಡುವುದಿಲ್ಲ. ಹೊರಡುವ ಎರಡು ಮೂರು ದಿನ ಮೊದಲು ಶೇ. 30 ನೀರು ಬದಲು. ಹೊರಡುವ ದಿನ ಮಾತ್ರ ಬೇಡ, ಏನಾದರೂ ಎಡವಟ್ಟಾದರೆ ನೋಡಲು ಯಾರೂ ಇರುವುದಿಲ್ಲ. ‘ಇನ್ನು ಸಿಗಲ್ಲ’ ಅಂತ ಕೊನೆಯ ದಿನ ಎರಡು ಪಟ್ಟು ಹಾಕುವುದು ಇನ್ನೂ ಕೆಟ್ಟದ್ದು. ಲೈಟ್ ಟೈಮರಿನಲ್ಲಿ ದಿನಕ್ಕೆ 6 ಗಂಟೆ. ನೀರು ಅಂಚಿನವರೆಗೆ ತುಂಬಿಸಿ ಮುಚ್ಚಳ ಹಾಕಿ. ಆವಿಯಾಗಿ ಮಟ್ಟ ಇಳಿದರೆ ಹೀಟರ್ ನೀರಿನಿಂದ ಹೊರಗೆ ಬರುತ್ತದೆ.

ಎರಡು ವಾರ ದಾಟಿದರೆ, ಇಲ್ಲವೇ ಮರಿಗಳಿದ್ದರೆ ಫೀಡರ್ ಇರಲಿ. ಫ್ಲೇಕ್ಸ್ ಬೇಡ, ಬಲಿತ ಮೀನಿಗೆ 1 ಮಿ.ಮೀ. ಪೆಲೆಟ್ (ಕಾಳಿನಂಥ ಊಟ) ಹಾಕಿ. ಏರ್ ಸ್ಟೋನಿನಿಂದ ದೂರ, ಸಾಧ್ಯವಾದರೆ ಏರ್ ಪಂಪಿನ ಸಣ್ಣ ಪೈಪು ಸಿಗಿಸುವ ಜಾಗವಿರುವ ಮಾಡೆಲ್. ಒಣ ಗಾಳಿ ಹರಿದರೆ ಒಳಗೆ ತೇವ ನಿಲ್ಲುವುದಿಲ್ಲ. ಹೊಸ ಬ್ಯಾಟರಿ. ಒಂದು ವಾರ ಮೊದಲೇ ಓಡಿಸಿ, ಕೆಳಗೆ ಕಾಗದ ಹಿಡಿದು ಒಂದು ಸುತ್ತಿಗೆ ಎಷ್ಟು ಬೀಳುತ್ತದೆ ನೋಡಿ: ಎರಡು ನಿಮಿಷದಲ್ಲಿ ಮುಗಿಯುವಷ್ಟಿದ್ದರೆ ಸಾಕು, ಬಲಿತ ಮೀನಿಗಾದರೆ ಅದೂ ದಿನ ಬಿಟ್ಟು ದಿನ. ನೀರಿನಲ್ಲಿ ಕರಗುವ ಬಿಳಿ ವೆಕೇಶನ್ ಬ್ಲಾಕ್ ನಾನು ಯಾವ ಟ್ಯಾಂಕಿಗೂ ಹಾಕುವುದಿಲ್ಲ. ಅರ್ಧ ಕರಗಿ ನೀರು ಕದಡುತ್ತದೆ, ಉಳಿದದ್ದನ್ನು ಮೀನು ಮೂಸುವುದೂ ಇಲ್ಲ.

ಬೇರೆಯವರ ಕೈಗೆ ಒಪ್ಪಿಸುವುದಾದರೆ ಮಾತ್ರೆ ಡಬ್ಬಿಯ ಒಂದೊಂದು ಮನೆಯಲ್ಲಿ ಒಂದೊಂದು ಚಿಟಿಕೆ ಅಳೆದಿಟ್ಟು, ದೊಡ್ಡ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಹೊಸಬರ ಚಿಟಿಕೆ ಯಾವಾಗಲೂ ದೊಡ್ಡದೇ.

ಶೀಟಿನ ಆ ಕಾಲಂ ಇನ್ನೂ ಹಾಗೇ ಇದೆ. ನಾನು ‘ಇಲ್ಲ’ ಬರೆದು ಪಕ್ಕದಲ್ಲಿ ‘ಬಲಿತ ಮೀನು, 9 ದಿನ, ಬೇಕಿಲ್ಲ’ ಅಂತ ಸೇರಿಸುತ್ತೇನೆ. ಸೂಪರ್‌ವೈಸರ್ ಪ್ರತಿ ಸಲವೂ ಫೋನ್ ಮಾಡುತ್ತಾರೆ.