ಮಸೂದೆಯಲ್ಲಿ ‘ತಕ್ಕದ್ದು’ ಎಲ್ಲಿದೆ, ‘ಬಹುದು’ ಎಲ್ಲಿದೆ

ಪಂಚಾಯಿತಿ ಅಥವಾ ನಗರಾಡಳಿತದ ಕಾನೂನಿಗೆ ತಿದ್ದುಪಡಿ ಬರುತ್ತದೆ ಎಂದಾಗ ಪ್ರಕರಣವಾರು (ಸೆಕ್ಷನ್‌ವಾರು) ಟಿಪ್ಪಣಿ ಬರೆಯುವ ಕೆಲಸ ನಮ್ಮಂಥವರ ಮೇಜಿಗೆ ಬೀಳುತ್ತದೆ. ಶಾಸಕರಿಗೆ ಬರೆಯಲಿ, ಸದಸ್ಯರ ಒಕ್ಕೂಟಕ್ಕೆ ಬರೆಯಲಿ, ಕೈಯಲ್ಲಿರುವುದು ಎರಡು ಮೂರು ದಿನ. ಹೊಸದಾಗಿ ಈ ಕೆಲಸಕ್ಕೆ ಬಂದವರು ಮಸೂದೆಯನ್ನು ಮೊದಲ ಪುಟದಿಂದ ಓದಲು ಕೂರುತ್ತಾರೆ. ಹಿಂದಿನಿಂದ ಓದುವುದು ಲೇಸು.

ಹಿಂದಿನ ಪುಟಗಳಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಹಣಕಾಸು ಜ್ಞಾಪನ ಪತ್ರ, ಅನುಬಂಧ ಇರುತ್ತವೆ. ಉದ್ದೇಶದ ಹೇಳಿಕೆಯಲ್ಲಿ ಒಳ್ಳೆಯ ಮಾತುಗಳೇ ಇರುವುದರಿಂದ ಅದನ್ನು ಬೇಗ ದಾಟಬಹುದು. ಹಣಕಾಸು ಜ್ಞಾಪನ ಪತ್ರದ ಮೇಲೆ ಮಾತ್ರ ಬೆರಳಿಟ್ಟು ಓದಬೇಕು. ಮಸೂದೆಯ ಒಳಗೆ ಹೊಸ ಸಮಿತಿ, ಹೊಸ ಸಮೀಕ್ಷೆ, ವರ್ಷಕ್ಕೊಂದು ಹೊಸ ಯೋಜನಾ ವರದಿ ಇದ್ದು, ಇಲ್ಲಿ ‘ಹೆಚ್ಚಿನ ವೆಚ್ಚವಿಲ್ಲ’ ಎಂದಿದ್ದರೆ ಅರ್ಥ ಒಂದೇ: ಇಷ್ಟೂ ಕೆಲಸ ಈಗಿರುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಬಿಲ್ ಕಲೆಕ್ಟರ್ ತಲೆಗೇ. ಟಿಪ್ಪಣಿಯ ಮೊದಲ ಸಾಲು ಅಲ್ಲೇ ಸಿಕ್ಕಿತು.

ಅನುಬಂಧದಲ್ಲಿ ತಿದ್ದುಪಡಿಯಾಗುವ ಮೂಲ ಪ್ರಕರಣಗಳಿರುತ್ತವೆ. ‘ಈ ಪದಗಳ ಬದಲಿಗೆ ಈ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಮಸೂದೆಯ ಸಾಲನ್ನು ಅದೊಂದನ್ನೇ ಓದಿದರೆ ಏನೂ ತಿಳಿಯದು. ಮೂಲ ಪ್ರಕರಣವನ್ನು ಒಂದು ಹಾಳೆಗೆ ಇಳಿಸಿ, ಹೋಗುವ ಪದಗಳಿಗೆ ಅಡ್ಡಗೆರೆ ಎಳೆದು, ಬರುವುದನ್ನು ಬೇರೆ ಬಣ್ಣದಲ್ಲಿ ಬರೆದು, ಕೂಡಿಸಿ ಓದಬೇಕು. ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಹಳೆಯ ಪ್ರತಿ ಹಿಡಿದು ಕೂರುವುದು. ಪಂಚಾಯತ್ ರಾಜ್ ಅಧಿನಿಯಮ 1993ರದ್ದೇ ಆದರೂ 2015ರ ದೊಡ್ಡ ತಿದ್ದುಪಡಿಯಲ್ಲಿ ಅದರ ಹೆಸರಿಗೇ ‘ಗ್ರಾಮ ಸ್ವರಾಜ್’ ಸೇರಿತು. ರಕ್ಷಾಪುಟದಲ್ಲಿ ಆ ಎರಡು ಪದ ಇಲ್ಲದಿದ್ದರೆ ಆ ಪುಸ್ತಕವನ್ನು ಪಕ್ಕಕ್ಕಿಡಿ. ಕನ್ನಡದ ಜೊತೆ ಇಂಗ್ಲಿಷ್ ಪಠ್ಯವೂ ಎದುರಿಗಿರಲಿ. ಸಂವಿಧಾನದ 348(3)ನೇ ಅನುಚ್ಛೇದದಂತೆ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ ಅಧಿಕೃತ ಪಠ್ಯವೆಂದು ಭಾವಿಸಲಾಗುತ್ತದೆ. ಕನ್ನಡದಲ್ಲಿ ಚರ್ಚೆಯಾಗಿ ಹುಟ್ಟಿದ ಕಾನೂನಿಗೆ ಇದು ವಿಚಿತ್ರವೇ, ಆದರೆ ಇರುವುದು ಹೀಗೆ.

ಇನ್ನು ಬಣ್ಣದ ಪೆನ್ನು ಹಿಡಿಯುವ ಕೆಲಸ. ‘ತಕ್ಕದ್ದು’ (ಮಾಡಲೇಬೇಕು) ಎಂದು ಮುಗಿಯುವ ಪ್ರತಿ ವಾಕ್ಯಕ್ಕೂ ಹಸಿರು, ‘ಬಹುದು’ (ಮಾಡಿದರೂ ಸರಿ, ಬಿಟ್ಟರೂ ಸರಿ) ಎಂದು ಮುಗಿಯುವುದಕ್ಕೆ ಕೆಂಪು. ಆಮೇಲೆ ಯಾರ ಮೇಲೆ ಹಸಿರು ಬಿತ್ತು, ಯಾರ ಮೇಲೆ ಕೆಂಪು ಬಿತ್ತು ಎಂದು ಎಣಿಸಿ. ಸ್ಥಳೀಯ ಸರ್ಕಾರದ ಮಸೂದೆಗಳಲ್ಲಿ ಒಂದು ಜಾಡು ಮತ್ತೆ ಮತ್ತೆ ಕಾಣುತ್ತದೆ: ಯೋಜನೆ ಮಾಡುವ ಹೊರೆ ಕೆಳಗಿನವರಿಗೆ ‘ತಕ್ಕದ್ದು’, ಹಣ ಮತ್ತು ಅಧಿಕಾರ ಕೊಡುವ ಮಾತು ಮೇಲಿನವರಿಗೆ ‘ಬಹುದು’.

ಇದು ಸಂವಿಧಾನದಿಂದಲೇ ಬಂದ ಚಾಳಿ. 73ನೇ ತಿದ್ದುಪಡಿ ಪಂಚಾಯಿತಿಗಳನ್ನು ರಚಿಸಲೇಬೇಕು ಎನ್ನುತ್ತದೆ. 29 ವಿಷಯಗಳ ಅಧಿಕಾರ ಕೊಡುವ 243ಜಿ ಅನುಚ್ಛೇದಕ್ಕೆ ಬಂದರೆ ರಾಜ್ಯ ವಿಧಾನಮಂಡಲ ಕೊಡ‘ಬಹುದು’ ಅಷ್ಟೇ. 243ಝಡ್‌ಡಿ ಪ್ರಕಾರ ಜಿಲ್ಲಾ ಯೋಜನಾ ಸಮಿತಿ ಕಡ್ಡಾಯ, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತರಿಂದಲೇ ಆಯ್ಕೆಯಾದವರು. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಿದ ಕರಡನ್ನು ಅಧ್ಯಕ್ಷರು ರಾಜ್ಯ ಸರ್ಕಾರಕ್ಕೆ ಕಳಿಸಬೇಕು. ಕಳಿಸಿದ ಮೇಲೆ ಸರ್ಕಾರ ಏನು ಮಾಡಬೇಕು? ಅಲ್ಲಿಗೆ ವಾಕ್ಯ ಮುಗಿದಿದೆ.

ಇದೇ ತೊಂದರೆ ಸ್ಕಾಟ್ಲೆಂಡಿನಲ್ಲೂ ಇತ್ತು. ಅಲ್ಲಿನ 2003ರ ಸ್ಥಳೀಯ ಸರ್ಕಾರ ಕಾಯ್ದೆ ಆಡಳಿತ ಸುಧಾರಣೆ, ಸಮುದಾಯ ಯೋಜನೆ ಎರಡನ್ನೂ ಒಟ್ಟಿಗೆ ತಂದಿತು. ಆದರೆ ಯೋಜನೆಯನ್ನು ಶುರು ಮಾಡಿ ನಡೆಸಿಕೊಂಡು ಹೋಗುವ ಹೊಣೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಸಂಸ್ಥೆ) ಮೇಲೆ ಬಿತ್ತು, ಆರೋಗ್ಯ ಮಂಡಳಿ, ಪೊಲೀಸ್ ಮುಂತಾದವರಿಗೆ ಇದ್ದದ್ದು ಪಾಲ್ಗೊಳ್ಳುವ ಹೊಣೆ ಮಾತ್ರ. 2015ರ ಸಮುದಾಯ ಸಬಲೀಕರಣ ಕಾಯ್ದೆ ಹೊಣೆಯನ್ನು ಹಂಚಿತು, ಪಾಲುದಾರರು ಹಣ, ಸಿಬ್ಬಂದಿ, ಇತರ ಸಂಪನ್ಮೂಲ ಕೊಡಬೇಕು ಎಂದು ಬರೆಯಿತು. ಸಭೆಗೆ ಬಂದು ಚಹಾ ಕುಡಿದು ಹೋಗುವ ಇಲಾಖೆಯನ್ನು ಕಟ್ಟಿಹಾಕಲು ಇಂಥ ಒಂದು ವಾಕ್ಯ ಬೇಕು. ನಮ್ಮ ಮಸೂದೆಗಳಲ್ಲಿ ‘ಸಂಬಂಧಪಟ್ಟ ಇಲಾಖೆಗಳು ಸಹಕರಿಸತಕ್ಕದ್ದು’ ಎಂದಷ್ಟೇ ಇದ್ದರೆ ಹಸಿರು ಗೆರೆ ಎಳೆಯಬೇಡಿ. ಯಾವ ಇಲಾಖೆ, ಏನು ಕೊಡಬೇಕು, ಎಷ್ಟು ದಿನದಲ್ಲಿ ಎಂಬುದಿಲ್ಲದ ‘ತಕ್ಕದ್ದು’ ‘ಬಹುದು’ವಿಗೆ ಸಮ.

ಮೂರನೆಯ ಬಣ್ಣ ‘ನಿಯಮಿಸಬಹುದಾದಂಥ’ ಎಂಬ ಪದಕ್ಕೆ. ಅಂದರೆ ವಿವರ ಆಮೇಲೆ ನಿಯಮಗಳಲ್ಲಿ ಬರುತ್ತದೆ ಎಂದು. ಆ ‘ಆಮೇಲೆ’ ಎಷ್ಟು ದೂರ ಎಂಬುದಕ್ಕೆ ವಾರ್ಡ್ ಸಮಿತಿಗಳೇ ಸಾಕ್ಷಿ. ಕರ್ನಾಟಕ ಪೌರ ನಿಗಮಗಳ ಅಧಿನಿಯಮಕ್ಕೆ 2011ರಲ್ಲಿ ವಾರ್ಡ್ ಸಮಿತಿಯ ಪ್ರಕರಣಗಳು ಸೇರಿದವು. ಸಮುದಾಯ ಸಹಭಾಗಿತ್ವದ ಕಾನೂನು ಆಗಬೇಕೆಂಬುದು ಕೇಂದ್ರದ ನಗರ ನವೀಕರಣ ಯೋಜನೆಯಾದ ಜೆನರ್ಮ್ (JNNURM) ಹಣದ ಷರತ್ತುಗಳಲ್ಲೊಂದಾಗಿತ್ತು ಎಂಬುದೂ ನೆನಪಿರಲಿ. ನಿಯಮಗಳು ಬಂದದ್ದು 2016ರಲ್ಲಿ. ಆದ್ದರಿಂದ ಈ ಪದ ಕಂಡಲ್ಲೆಲ್ಲ ‘ಆರು ತಿಂಗಳೊಳಗೆ’ ಎಂಬಂಥ ಗಡುವನ್ನು ಟಿಪ್ಪಣಿಯಲ್ಲಿ ಕೇಳಬೇಕು. ಜಾರಿ ದಿನಾಂಕದ ವಾಕ್ಯಕ್ಕೂ ಇದೇ ಮಾತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಹೆಸರಿನಲ್ಲಿ 2024 ಇದೆ. ಮಸೂದೆ ಆ ವರ್ಷದ ಜುಲೈನಲ್ಲಿ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು, 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು, ಜಾರಿಗೆ ಬಂದದ್ದು ಮೇ 15ಕ್ಕೆ.

‘ಪರಂತು’ (ಆದರೆ) ಎಂದು ಶುರುವಾಗುವ ಸಾಲನ್ನು ಎರಡು ಸಲ ಓದಿ. ಮೇಲಿನ ಪ್ಯಾರಾ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಅಲ್ಲೇ.

ಹಣದ ಲೆಕ್ಕ ಮಸೂದೆಯಲ್ಲಿ ಸಿಗುವುದಿಲ್ಲ, ಪಕ್ಕದಲ್ಲಿಟ್ಟುಕೊಂಡು ಓದಬೇಕು. 15ನೇ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಆಗ ಒಂದು ಗ್ರಾಮ ಪಂಚಾಯಿತಿಗೆ 20 ಲಕ್ಷ ರೂಪಾಯಿ ಬಂತು ಎನ್ನಿ. 6 ಲಕ್ಷ ನೀರಿಗೆ, 6 ಲಕ್ಷ ನೈರ್ಮಲ್ಯಕ್ಕೆ, ಉಳಿದದ್ದು 8 ಲಕ್ಷ, ಅದನ್ನೂ ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಬಂದ ಉಳಿದ ಬೇಡಿಕೆಗಳನ್ನು ಈ 8 ಲಕ್ಷದೊಳಗೆ ಕೂರಿಸಬೇಕಿತ್ತು. ಇಂಥ ಲೆಕ್ಕವನ್ನು ಮೊದಲೇ ಹೇಳದೆ ಸಭೆ ನಡೆಸಿದರೆ ಯೋಜನೆ ಬೇಡಿಕೆಗಳ ಪಟ್ಟಿಯಾಗುತ್ತದೆ, ಮರುವರ್ಷ ಸಭೆಗೆ ಜನ ಬರುವುದಿಲ್ಲ. ಹೊಸ ಮಸೂದೆ ‘ಜನರ ಯೋಜನೆ’ ಎಂದಾಗ ಯೋಜನೆಗೆ ಮುಂಚೆ ಅನುದಾನದ ಮೊತ್ತ ತಿಳಿಸುವ ಕಟ್ಟುಪಾಡು ಯಾರ ಮೇಲಿದೆ ಎಂದು ಹುಡುಕಿ. ಬಹುತೇಕ ಸಿಗುವುದಿಲ್ಲ.

ಸಲಹೆ ಬರೆಯುವಾಗ ‘ಗ್ರಾಮ ಸಭೆಗೆ ಹೆಚ್ಚಿನ ಅಧಿಕಾರ ಕೊಡಬೇಕು’ ಎಂದು ಬರೆದರೆ ಅದು ಕಡತದಲ್ಲೇ ಮಲಗುತ್ತದೆ. ನಾಲ್ಕು ಅಂಕಣ ಹಾಕಿ: ಪ್ರಕರಣ ಸಂಖ್ಯೆ, ಈಗಿನ ಪದಗಳು, ಬದಲಿ ಪದಗಳು, ಎರಡು ಸಾಲಿನ ಕಾರಣ. ಮಾದರಿಗೆ, ‘ಗ್ರಾಮ ಸಭೆಯು ಶಿಫಾರಸು ಮಾಡಿದ ಯೋಜನೆಯನ್ನು ಪರಿಗಣಿಸತಕ್ಕದ್ದು’ ಎಂದಿದೆ ಎಂದುಕೊಳ್ಳಿ. ನೋಡಿ ಪಕ್ಕಕ್ಕಿಟ್ಟರೂ ಪರಿಗಣಿಸಿದಂತೆಯೇ. ಬದಲಿಗೆ ಹೀಗೆ ಬರೆಯಬಹುದು: ‘ಯೋಜನೆ ಬಂದ 60 ದಿನಗಳೊಳಗೆ ಒಪ್ಪತಕ್ಕದ್ದು ಅಥವಾ ಒಪ್ಪದಿರುವ ಕಾರಣಗಳನ್ನು ಲಿಖಿತವಾಗಿ ತಿಳಿಸತಕ್ಕದ್ದು, ತಿಳಿಸದಿದ್ದಲ್ಲಿ ಅದನ್ನು ಅನುಮೋದಿಸಲಾಗಿದೆಯೆಂದು ಭಾವಿಸತಕ್ಕದ್ದು.’ ಕೊನೆಯ ತುಣುಕು ಇಲ್ಲದಿದ್ದರೆ 60 ದಿನದ ಗಡುವಿಗೆ ಹಲ್ಲಿಲ್ಲ.

ಎಲ್ಲಿಗೆ ಕೊಡಬೇಕು ಎಂಬುದರಲ್ಲೂ ಎಡವುತ್ತಾರೆ. ಕರಡು ನಿಯಮವಾದರೆ ಅಧಿಸೂಚನೆಯಲ್ಲೇ ಇಲಾಖೆಯ ವಿಳಾಸ, ಆಕ್ಷೇಪಣೆಯ ಗಡುವು ಇರುತ್ತದೆ. ಬಹಳ ಸಲ 30 ದಿನ, ಕೆಲವೊಮ್ಮೆ 15. ದಿನದ ಎಣಿಕೆ ರಾಜ್ಯಪತ್ರದಲ್ಲಿ ಪ್ರಕಟವಾದಂದಿನಿಂದ ಶುರು, ಪತ್ರಿಕೆಯಲ್ಲಿ ಸುದ್ದಿ ಬರುವಷ್ಟರಲ್ಲಿ ಒಂದು ವಾರ ಹೋಗಿರುತ್ತದೆ. ಮಸೂದೆಯಾದರೆ ದಾರಿ ಬೇರೆ: ಸದನ ಸಮಿತಿಗೆ ಒಪ್ಪಿಸಿದ್ದರೆ ಸಮಿತಿಗೆ, ಇಲ್ಲದಿದ್ದರೆ ತಿದ್ದುಪಡಿ ಸೂಚನೆ ಕೊಡಬಲ್ಲ ಶಾಸಕರ ಕೈಗೆ, ಚರ್ಚೆಗೆ ಬರುವ ಮುನ್ನ. ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ.