ಲೈಸೆನ್ಸ್ ಬೇಡ ಸರಿ, ಫೀಡರ್ ಯಾವುದು?

ಶಿರಾ ಕಡೆ ಹೆದ್ದಾರಿ ಪಕ್ಕ ನಾಲ್ಕು ಗುಂಟೆ ಇದ್ದವರು ಮೊದಲು ಕೇಳುವುದು, ಎಲೆಕ್ಟ್ರಿಕ್ ವಾಹನದ (ಇವಿ) ಚಾರ್ಜಿಂಗ್ ಸ್ಟೇಷನ್‌ಗೆ ಲೈಸೆನ್ಸ್ ಬೇಕಾ ಅಂತ. ಬೇಡ. ಗಾಡಿ ಚಾರ್ಜ್ ಮಾಡಿಕೊಡುವುದು ಸೇವೆ, ಕರೆಂಟ್ ಮಾರಾಟವಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಹಾಗಂತ ಹೇಳೋರು ಕೇಳೋರು ಇಲ್ಲ ಅಂತಲ್ಲ. ರಾಜ್ಯದಲ್ಲಿ ಇದರ ಉಸ್ತುವಾರಿಯ ನೋಡಲ್ ಸಂಸ್ಥೆ ಬೆಸ್ಕಾಂ, ದರ ಕಟ್ಟುವುದು ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ).

ಜಾಗಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಬೆಸ್ಕಾಂ ಶಾಖಾ ಕಚೇರಿಯಲ್ಲಿ ಒಂದು ಮಾತು ವಿಚಾರಿಸಿ: ಎದುರಿನ 11 ಕೆ.ವಿ. ಲೈನು ಯಾವ ಫೀಡರ್‌ನದು (ಫೀಡರ್ ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಲೈನು)? ಐಪಿ ಸೆಟ್ (ಕೃಷಿ ಪಂಪ್‌ಸೆಟ್) ಫೀಡರ್ ಆದರೆ ತ್ರೀಫೇಸ್ ದಿನಕ್ಕೆ 7 ಗಂಟೆಯ ಆಸುಪಾಸು, ಅದೂ ಪಾಳಿಯಲ್ಲಿ. ಸಿಂಗಲ್ ಫೇಸ್‌ನಲ್ಲಿ ಫಾಸ್ಟ್ ಚಾರ್ಜರ್ ಬರೀ ಕಬ್ಬಿಣದ ಬೀರು. ನಿರಂತರ ಜ್ಯೋತಿ (ಹಳ್ಳಿಗಳಿಗೆ ಪಂಪ್‌ಸೆಟ್‌ನಿಂದ ಬೇರ್ಪಡಿಸಿ ಕರೆಂಟ್ ಕೊಡುವ ಯೋಜನೆ) ಅಥವಾ ಪಟ್ಟಣದ ಫೀಡರ್ ಆಗಬೇಕು.

ಆಮೇಲೆ ಟ್ರಾನ್ಸ್‌ಫಾರ್ಮರ್. 60 ಕಿಲೋವ್ಯಾಟ್ ಡಿಸಿ ಚಾರ್ಜರ್ ಪೂರ್ತಿ ಓಡಿದರೆ ಒಳಗೆ ಎಳೆಯುವುದು ಸುಮಾರು 64 ಕಿಲೋವ್ಯಾಟ್, ಫೇಸ್‌ಗೆ 90 ಆಂಪಿಯರ್ ಚಿಲ್ಲರೆ. ಊರಿನ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಇದನ್ನು ಹೇರಲಾಗದು. 100 ಕೆವಿಎಯದು ಪ್ರತ್ಯೇಕ ಇಡಬೇಕಾಗುತ್ತದೆ. 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ಪ್ರಕಾರ ಹೊಸ ಸಂಪರ್ಕಕ್ಕೆ ನಗರಸಭೆ ವ್ಯಾಪ್ತಿಯಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ. ಆದರೆ ಕಂಬ, ಲೈನು, ಟಿಸಿ ಹೊಸದಾಗಿ ಬೇಕಾದಲ್ಲಿ ಆ ಲೆಕ್ಕ ಹಿಡಿದು ಕೂರಬೇಡಿ.

ಮೀಟರ್ ಪ್ರತ್ಯೇಕವೇ ಇರಲಿ. ಹೋಟೆಲಿನ ಕಮರ್ಷಿಯಲ್ ಮೀಟರ್‌ನಿಂದಲೇ ಎಳೆದರೆ ಇವಿ ದರ ಸಿಗದು. ಮನೆ ಮೀಟರ್‌ನಿಂದ ಎಳೆದು ದುಡ್ಡು ತೆಗೆದುಕೊಂಡರೆ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದರದ ಎರಡು ಪಟ್ಟು ಬಿಲ್ಲು ಬೀಳುತ್ತದೆ. ಉಲ್ಟಾ ಆಟವೂ ಅಷ್ಟೇ: ಇವಿ ಮೀಟರ್‌ಗೆ ಪಕ್ಕದ ಟೀ ಅಂಗಡಿಯ ಫ್ರಿಜ್ ಸಿಕ್ಕಿಸಬೇಡಿ.

2024ರ ಸೆಪ್ಟೆಂಬರ್‌ನ ಕೇಂದ್ರ ಮಾರ್ಗಸೂಚಿ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ದರ ಎನ್ನುತ್ತದೆ. ಹಗಲು ಅಗ್ಗ, ಏಕೆಂದರೆ ಪಾವಗಡದ ಸೋಲಾರ್ ಪಾರ್ಕಿನ ಕರೆಂಟು ಗ್ರಿಡ್‌ಗೆ ಇಳಿಯುವ ಹೊತ್ತದು. ಹೆದ್ದಾರಿ ಕಾರುಗಳು ಮಾತ್ರ ಶುಕ್ರವಾರ ಕತ್ತಲಾದ ಮೇಲೆ ಬರುತ್ತವೆ! ನಿಮಗೆ ಅನ್ವಯಿಸುವುದು ಕೆಇಆರ್‌ಸಿ ಆದೇಶವೇ. ಅಂದಾಜು ಹಾಕುವಾಗ ರಾತ್ರಿಯ ದರವನ್ನೇ ಹಿಡಿಯಿರಿ. ಗ್ರಾಹಕರ ಬಿಲ್ಲಿಗೆ 18% ಜಿಎಸ್‌ಟಿಯೂ ಸೇರುತ್ತದೆ.

ಸುರಕ್ಷತೆಯಲ್ಲೇ ಹೆಚ್ಚು ಜನ ಎಡವುವುದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಮೇಲಿರಬೇಕು, ಗಾಡಿಯ ಕನೆಕ್ಷನ್ ಚಾರ್ಜರ್‌ಗೆ 5 ಮೀಟರ್ ಒಳಗೆ ಬರುವಂತೆ ಪಾರ್ಕಿಂಗ್ ಇರಬೇಕು, ಎಕ್ಸ್‌ಟೆನ್ಷನ್ ಬೋರ್ಡು ನಿಷಿದ್ಧ. ಪ್ರತಿ ಪಾಯಿಂಟಿಗೂ ಬೇರೆ ಸರ್ಕ್ಯೂಟ್, 30 ಮಿಲಿಆಂಪಿಯರ್ ಮೀರದ, ಕನಿಷ್ಠ ಟೈಪ್ ಎ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್). ಅಗ್ಗಕ್ಕೆ ಸಿಗುವುದು ಬಹುತೇಕ ಟೈಪ್ ಎಸಿ. ಗಾಡಿಯ ಚಾರ್ಜರ್‌ನಿಂದ ಸೋರುವ ಕರೆಂಟಿನಲ್ಲಿ ಡಿಸಿ ಅಂಶ ಬೆರೆತರೆ ಅದು ಟ್ರಿಪ್ ಆಗದೆ ಸುಮ್ಮನೆ ಕೂತುಬಿಡಬಹುದು. ಮೂರು ಪಾಯಿಂಟಿಗೆ ಒಂದೇ ಆರ್‌ಸಿಡಿ ಹಾಕಿದರೆ ಒಂದು ಸ್ಕೂಟರ್‌ನ ದೋಷಕ್ಕೆ ಮೂರೂ ಆಫ್.

ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು ನೆಲದಲ್ಲಿ ಇನ್ನೊಂದು ತಾಪತ್ರಯ, ಅರ್ಥಿಂಗ್. ಮಳೆಗಾಲದಲ್ಲಿ ಅಳೆದಾಗ ಚೆನ್ನಾಗಿದ್ದದ್ದು ಏಪ್ರಿಲ್ ಹೊತ್ತಿಗೆ ಮಣ್ಣು ಒಣಗಿ ರೆಸಿಸ್ಟೆನ್ಸ್ ಏರುತ್ತದೆ. ನ್ಯೂಟ್ರಲ್-ಅರ್ಥ್ ನಡುವೆ ವೋಲ್ಟೇಜ್ ಜಾಸ್ತಿಯಾದರೆ ಕಾರು ಚಾರ್ಜ್ ತೆಗೆದುಕೊಳ್ಳದೆ ಎರರ್ ತೋರಿಸಬಹುದು. ಜನ ಚಾರ್ಜರ್ ಕಂಪನಿಗೆ ಫೋನ್ ಮಾಡುತ್ತಾರೆ. ಮೊದಲು ಅರ್ಥ್ ಪಿಟ್‌ಗೆ ನಾಲ್ಕು ಬಿಂದಿಗೆ ನೀರು ಹಾಕಿ, ಮೆಗ್ಗರ್ (ಅರ್ಥ್ ರೆಸಿಸ್ಟೆನ್ಸ್ ಅಳೆಯುವ ಸಾಧನ) ಹಿಡಿದವರನ್ನು ಕರೆಸಿ ಬೇಸಿಗೆಯಲ್ಲೇ ಅಳೆಸಿ.