ತುಮಕೂರು ಸರ್ವರ್: ಕಬ್ಬಿಣದ ಗಲಾಟೆ ಸದ್ಯಕ್ಕೆ ತಣ್ಣಗಾಯಿತು

ಬ್ಲಾಕ್ ಅಗೆದು ಕಟ್ಟುವ ಆಟ ಮೈನ್‌ಕ್ರಾಫ್ಟ್ ಇದೆಯಲ್ಲ, ನಾವೆಲ್ಲ ಸೇರಿ ಅದನ್ನು ಆಡುವ ನಮ್ಮ ಸರ್ವರ್‌ನ ಮಾರುಕಟ್ಟೆ ಅಂತೂ ಒಂದು ಹದಕ್ಕೆ ಬಂದಿದೆ. ಪೇಪರ್ ಅನ್ನೋ ಸರ್ವರ್ ತಂತ್ರಾಂಶ ಹಾಕಿದ್ದು, ಪ್ಲಗಿನ್ ಜೋಡಿಸಿದ್ದು, ಬ್ಯಾಕಪ್ ಇಟ್ಟಿದ್ದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ರ‍್ಯಾಮ್ ಬಗ್ಗೆ ಮಾತ್ರ ಹೊಟ್ಟೆಯುರಿ ಹೇಳಿಕೊಳ್ಳಬೇಕು. ಬೆಂಗಳೂರಿನ ಎಸ್‌.ಪಿ. ರೋಡ್‌ನಿಂದ ತರಿಸಿದೆ. ಡಬ್ಬದ ಮೇಲೆ ವೇಗ 3200, ಒಳಗಿರುವುದು 2400. ಕೇಳಿದರೆ ಅಂಗಡಿಯವ "ಎರಡೂ ಒಂದೇ ಸಾರ್, ಓಡುತ್ತೆ" ಅಂದ. ಓಡುತ್ತೆ, ನಿಜ. ನಮ್ಮ ಮಾವನ ಲೂನಾನೂ ಓಡುತ್ತೆ. ಯುಪಿಎಸ್ ಬ್ಯಾಟರಿಯವನು ಇನ್ನೂ "ನಾಳೆ"ಯಲ್ಲೇ ಇದ್ದಾನೆ.

ಅಸಲು ತಲೆನೋವು ಬೇರೆ. ನಮ್ಮಲ್ಲಿ ಎರಡು ಪಂಗಡ. ಒಂದು ಹಾಸ್ಟೆಲ್ ಹುಡುಗರು: ರಾತ್ರಿಯೆಲ್ಲ ಲಾಗಿನ್. ಇನ್ನೊಂದು ಭಾನುವಾರದವರು: ಬಿ.ಎಚ್. ರೋಡಿನ ಮೆಡಿಕಲ್ ಶಾಪ್ ಅಣ್ಣ, ಕ್ಯಾತ್ಸಂದ್ರದ ಟೀಚರ್ ಅಕ್ಕ, ನನ್ನ ತಂಗಿ. ಹುಡುಗರು ಗೋಲೆಂ ಫಾರ್ಮ್ ಕಟ್ಟಿದರು: ಗೋಲೆಂ ಅನ್ನೋ ಕಬ್ಬಿಣದ ಬೊಂಬೆಗಳು ತಾವಾಗೇ ಹುಟ್ಟಿ ಸಾಯುವ ಯಂತ್ರ. ಒಂದು ಗೋಲೆಂ ಸತ್ತರೆ 3ರಿಂದ 5 ಕಬ್ಬಿಣದ ಗಟ್ಟಿ. ಹತ್ತಿರ ಒಬ್ಬ ಆಟಗಾರ ಇದ್ದರೆ ಸಾಕು, ಆ ಚಂಕ್ (ನಕ್ಷೆಯ ತುಂಡು) ಲೋಡ್ ಆಗಿ ಫಾರ್ಮ್ ಓಡುತ್ತಲೇ ಇರುತ್ತೆ. ಎಎಫ್‌ಕೆ ಕಿಕ್ ಹಾಕಿದೆ, ಅಂದರೆ ಅಲುಗಾಡದೆ ನಿಂತವರನ್ನು ಸರ್ವರ್ ಹೊರಹಾಕುತ್ತೆ. ಆಟದ ಪಾತ್ರವನ್ನು ಹರಿಯುವ ನೀರಿನಲ್ಲಿ ಸುತ್ತಲು ಬಿಟ್ಟು ಮಲಗಿದರು. ಕಬ್ಬಿಣವನ್ನೆಲ್ಲ ಸರ್ವರ್ ಅಂಗಡಿಗೆ ಸುರಿದು, ಆ ದುಡ್ಡಲ್ಲಿ ಒಳ್ಳೆ ಸೈಟುಗಳನ್ನೆಲ್ಲ ಕೊಂಡರು. ಮೆಡಿಕಲ್ ಅಣ್ಣನಿಗೆ ಊರ ಹೊರಗಿನ ಜೌಗು ಜಾಗವೇ ಗತಿ.

ಮೊದಲು ದಿನದ ಮಿತಿ ಹಾಕಿದೆ: ಇಷ್ಟು ಮಾರಿದ ಮೇಲೆ ಬೆಲೆ ಅರ್ಧ. "ಆಡಿದ್ದಕ್ಕೇ ದಂಡನಾ?" ಅಂತ ಹುಡುಗರು ಕೂಗಾಡಿದರು. ಭಾನುವಾರದವರಿಗೆ ಇದು ಗೊತ್ತೇ ಆಗಲಿಲ್ಲ. ಅವರು ಮಿತಿಯ ಹತ್ತಿರವೂ ಬರುವವರಲ್ಲ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಕಥೆ ನೆನಪಿದೆ ಅಲ್ವಾ? ಆ ಆನ್‌ಲೈನ್ ಆಟದ ಬೀಟಾದಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ) ತುಂಬ ಹೊತ್ತು ಆಡಿದವರಿಗೆ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸುವ ಅಂಕ, ಅರ್ಧಕ್ಕೆ ಇಳಿಯುತ್ತಿತ್ತು. ಜನ ಉರಿದುಬಿದ್ದರು. ಆಟದ ಕಂಪನಿ ಬ್ಲಿಜರ್ಡ್ ಲೆಕ್ಕ ಮುಟ್ಟಲಿಲ್ಲ. ಅರ್ಧವನ್ನೇ ಶೇಕಡ 100 ಅಂದಿತು. ಪೂರ್ತಿಯನ್ನು 200 ಅಂದು, ವಿಶ್ರಾಂತಿ ಬೋನಸ್ ಅಂತ ಹೆಸರಿಟ್ಟಿತು. ಜಗಳ ನಿಂತಿತು. ಅಲ್ಲಿ ಛತ್ರದಲ್ಲಿ ಲಾಗೌಟ್ ಮಾಡಿದರೆ 8 ಗಂಟೆಗೆ ಒಂದು ಲೆವೆಲ್‌ನ ಶೇಕಡ 5ರಷ್ಟು ಬೋನಸ್ ಸೇರುತ್ತದೆ, ಒಂದೂವರೆ ಲೆವೆಲ್‌ಗೆ ನಿಲ್ಲುತ್ತದೆ. ಅಂದರೆ 10 ದಿನ. ನಾನೂ ಇಂಥದ್ದೇ ಬೋನಸ್ ತಂದೆ, ಆದರೆ 7 ದಿನಕ್ಕೆ ನಿಲ್ಲಿಸಿದೆ. ಭಾನುವಾರದಿಂದ ಭಾನುವಾರಕ್ಕೆ ತುಂಬಿದರೆ ಸಾಕು. ಬೋನಸ್ ಇರುವವರಿಗೆ ಅಂಗಡಿಯಲ್ಲಿ ಡಬಲ್ ರೇಟು.

ಹುಡುಗರು ಒಂದೇ ವಾರದಲ್ಲಿ ತಂಗಿ, ತಮ್ಮ, ಚಿಕ್ಕಪ್ಪನ ಹೆಸರಲ್ಲಿ ಅಕೌಂಟ್ ತಂದರು. ಕಬ್ಬಿಣ ತೆಗೆಯೋದು ಒಬ್ಬ, ಪೆಟ್ಟಿಗೆಯಿಂದ ಎತ್ತಿ ಡಬಲ್‌ಗೆ ಮಾರೋದು ವಿಶ್ರಾಂತಿ ಪಡೆದ ಚಿಕ್ಕಪ್ಪ!

(ಈ ಮಧ್ಯೆ ತಲೆ ದೇವರಾಯನದುರ್ಗದ ಕಡೆ ಓಡಿದೆ. ಉಪಗ್ರಹದ ಎತ್ತರದ ಡೇಟಾದಿಂದ ಬೆಟ್ಟವನ್ನೇ ಮ್ಯಾಪ್ ಮಾಡಬೇಕು, ನಾಮದ ಚಿಲುಮೆಯಿಂದ ಮೇಲಿನ ನರಸಿಂಹಸ್ವಾಮಿ ಗುಡಿವರೆಗೆ. ತುದಿ ಸುಮಾರು 1,200 ಮೀಟರ್. ಮೈನ್‌ಕ್ರಾಫ್ಟ್‌ನ 1.18 ಆವೃತ್ತಿಯಿಂದ ಎತ್ತರಕ್ಕೆ ಸಿಗುವುದು ನೆಲದಡಿಯದೂ ಸೇರಿ 384 ಬ್ಲಾಕ್, ಒಂದು ಬ್ಲಾಕ್ ಅಂದರೆ ಒಂದು ಮೀಟರ್. ತುಮಕೂರಿನ ಮಟ್ಟದಿಂದ ಅಳೆದರೂ ತುದಿ ಹಾರಿಹೋಗುತ್ತದೆ. ಅರ್ಧ ಸ್ಕೇಲ್‌ಗೆ ಇಳಿಸಿದರೆ ಬೆಟ್ಟ ಹೋಗಿ ದಿಬ್ಬ. ಯಾರಾದರೂ ಇಂಥದ್ದು ಮಾಡಿದ್ದರೆ ಹೇಳಿ.)

ಸರಿ, ದಾರಿ ಸಿಕ್ಕಿದ್ದು ಹೀಗೆ. ಬೋನಸ್ಸನ್ನು ಸಾಮಾನಿನಿಂದ ಕಿತ್ತು ಕೆಲಸಕ್ಕೆ ಕಟ್ಟಿದೆ. ಅದಿರು ಅಗೆದರೆ, ಬೆಳೆ ಕೊಯ್ದರೆ, ಅಗೆದವನಿಗೇ ಆಗಲೇ ಡಬಲ್ ಕೂಲಿ. ಚಿಕ್ಕಪ್ಪನೂ ಕೈಯಾರೆ ಅಗೆಯಬೇಕು. ಸರ್ವರ್ ಅಂಗಡಿ ಕಬ್ಬಿಣ ಕೊಳ್ಳುವುದನ್ನೇ ನಿಲ್ಲಿಸಿತು. ಮಾರುವುದಾದರೆ ಆಟಗಾರರಿಗೇ ಮಾರಲಿ. ಈಗ ಭಾನುವಾರದವರ ಹತ್ತಿರ ದುಡ್ಡಿದೆ, ಹುಡುಗರ ಹತ್ತಿರ ಪೆಟ್ಟಿಗೆಗಟ್ಟಲೆ ಕಬ್ಬಿಣ ಇದೆ. ಟೀಚರ್ ಅಕ್ಕ ಚೌಕಾಸಿ ಮಾಡಿ ಮಾಡಿ ರೈಲು ಹಳಿಗೆ ಬೇಕಾದ ಕಬ್ಬಿಣವನ್ನೆಲ್ಲ ಕೊಂಡರು. ಹಳಿ ಹಾಕಿಕೊಟ್ಟಿದ್ದೂ ಆ ಹುಡುಗರೇ, ಕೂಲಿಗೆ.

ಮೀನು ಹಿಡಿಯುವುದಕ್ಕೆ ಮಾತ್ರ ಬೋನಸ್ ಇಲ್ಲ. ಮೌಸ್ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮಲಗುವವರು ಯಾರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು.